ಉಪ್ಪು, ಸಕ್ಕರೆ ಜೊತೆಯಲ್ಲೇ ಹೋಗಬೇಕು

ಕೇಳುಗರಿಗೆಲ್ಲ ನಮಸ್ಕಾರ. ಭೇದಿಯಾಗುತ್ತಿರುವ ಮಗುವಿಗೆ ಬರೀ ನೀರು ಕುಡಿಸಿದರೆ ಯಾಕೆ ಸಾಲದು? ಇದಕ್ಕೆ ಉತ್ತರ ಸಣ್ಣ ಕರುಳಿನ ಒಳಪೊರೆಯಲ್ಲಿದೆ.

ಆ ಪೊರೆಯ ತುಂಬ ಬೆರಳಿನಾಕಾರದ ಪುಟ್ಟ ಚಾಚುಗಳು, ಅವುಗಳ ಮೇಲೆ ಒಂದೇ ಪದರ ಜೀವಕೋಶ. ಮೂರರಿಂದ ಐದು ದಿನಗಳಲ್ಲಿ ಆ ಪದರ ಹೊಸದಾಗುತ್ತದೆ. ಹೊಟ್ಟೆಗೆ ಹೋದದ್ದೆಲ್ಲ ತಾನಾಗಿ ಇಲ್ಲಿಂದ ರಕ್ತಕ್ಕೆ ಇಳಿಯುವುದಿಲ್ಲ. ಪೋಷಕಾಂಶಗಳಿಗೆ ಬೇರೆ ಬೇರೆ ಬಾಗಿಲುಗಳಿವೆ. ಗ್ಲೂಕೋಸ್ ಎಂಬ ಸಕ್ಕರೆಯನ್ನು ಒಳಗೆಳೆದುಕೊಳ್ಳುವ ಮುಖ್ಯ ಬಾಗಿಲು ಉಪ್ಪಿನ ಸೋಡಿಯಂ ಜೊತೆಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಗ್ಲೂಕೋಸ್ ಕಣ ಒಂದು, ಸೋಡಿಯಂ ಕಣ ಎರಡು. ಅವು ಒಳಗೆ ಹೋದರೆ ನೀರೂ ಹಿಂದೆಯೇ ಹೋಗುತ್ತದೆ. ಜೊತೆಯಲ್ಲೇ ಹೋಗಬೇಕು, ಅಷ್ಟೇ! ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಮಂಡಿಸಿದ ವಿಚಾರವಿದು. ಕಾಲರಾ ವಿಷ ಜೀವಕೋಶಗಳಿಂದ ಉಪ್ಪುನೀರು ಹೊರಸುರಿಯುವಂತೆ ಮಾಡುತ್ತದೆ, ಆದರೆ ಈ ಬಾಗಿಲನ್ನು ಕೆಡಿಸುವುದಿಲ್ಲ. ಹಾಗಾಗಿ ಕಾಲರಾದಲ್ಲೂ ಉಪ್ಪು, ಸಕ್ಕರೆ ಬೆರೆಸಿದ ನೀರು ಒಳಗೆ ಹೋಗುತ್ತದೆ.

1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ತುಂಬಿದರು. ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೂ ರೋಗಿಗಳು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಲನಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಪುಡಿಯನ್ನು ಪೊಟ್ಟಣ ಕಟ್ಟಿಸಿ, ಡ್ರಮ್ಮಿನಲ್ಲಿ ಕರಗಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ತಾಯಂದಿರು, ಅಣ್ಣತಮ್ಮಂದಿರು ಲೋಟ ಹಿಡಿದು ಕೂತರು. ಅಲ್ಲಿ ಚಿಕಿತ್ಸೆ ಪಡೆದವರಲ್ಲಿ ಸತ್ತವರು ಶೇ. 4ಕ್ಕಿಂತ ಕಡಿಮೆ. ಎಂಥ ದೊಡ್ಡ ಕೆಲಸ!

ಭೇದಿಗೆ ಕುಡಿಸುವ ಇಂಥ ಉಪ್ಪು, ಸಕ್ಕರೆಯ ಮಿಶ್ರಣಕ್ಕೇ ಓಆರ್‌ಎಸ್ ಎನ್ನುತ್ತಾರೆ. ಈಗಿನ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತವೆ. ದಯವಿಟ್ಟು ಪೊಟ್ಟಣವನ್ನು ಅರ್ಧ ಮಾಡಿ ಲೋಟಕ್ಕೆ ಹಾಕಬೇಡಿ. ಅದರ ಮೇಲೆ ಬರೆದಷ್ಟು ಶುದ್ಧ ನೀರಿಗೆ ಇಡೀ ಪೊಟ್ಟಣ ಸುರಿಯಿರಿ. ರುಚಿಗೆಂದು ಸಕ್ಕರೆಯನ್ನೂ ಸೇರಿಸಬೇಡಿ: ಹೀರಲಾಗದ ಸಕ್ಕರೆ ನೀರನ್ನು ಕರುಳಿಗೇ ಎಳೆದು ಭೇದಿ ಹೆಚ್ಚಿಸುತ್ತದೆ. ಉಪ್ಪು ಹೆಚ್ಚಾದರೆ ಇನ್ನೂ ಅಪಾಯ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚದಲ್ಲೇ, ರಾಶಿಯಾಗದಂತೆ ಮಟ್ಟ ಮಾಡಿ ಅಳೆಯಿರಿ.

ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಗುಟುಕು ಗುಟುಕಾಗಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ.

ಸಮಯ ಮುಗಿಯುತ್ತಿದೆ, ಭೇದಿಯಾದಾಗ ಕೊಡುವ ಜಿಂಕ್ ಔಷಧಿಯ ಬಗ್ಗೆ ವೈದ್ಯರನ್ನೇ ಕೇಳಿ. ಕಣ್ಣು ಗುಳಿಬಿದ್ದರೆ, ಮಗು ಮಂಕಾಗಿ ಕುಡಿಯಲೂ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ನಮಸ್ಕಾರ.