115 ವರ್ಷದ ಅಜ್ಜಿಯ ರಕ್ತದಲ್ಲಿ ಸಿಕ್ಕಿದ್ದೇನು?

[ತೆರೆಯ ಮೇಲೆ: ನೆದರ್‌ಲ್ಯಾಂಡ್ಸ್ ನಕ್ಷೆ]

ನಮಸ್ಕಾರ. ಹೆಂಡ್ರಿಕ್ಯೆ ಫಾನ್ ಆಂಡೆಲ್-ಸ್ಕಿಪ್ಪರ್ ಅಂತ ಒಬ್ಬ ಡಚ್ ಅಜ್ಜಿ ಇದ್ದರು. 1890ರಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು, 2005ರ ತನಕ ಬದುಕಿತು. 82ನೇ ವಯಸ್ಸಿನಲ್ಲೇ ದೇಹದಾನಕ್ಕೆ ಬರೆದುಕೊಟ್ಟಿದ್ದರು, ಆದರೆ ಪಾಪ, ವಿಜ್ಞಾನಿಗಳು ಇನ್ನೂ 33 ವರ್ಷ ಕಾಯಬೇಕಾಯಿತು!

ಅವರ ರಕ್ತದ ಅಧ್ಯಯನ ಹೊರಬಂದಿದ್ದು 2014ರಲ್ಲಿ. ಅವರಿಗೆ ರಕ್ತದ ಕಾಯಿಲೆ ಯಾವುದೂ ಇರಲಿಲ್ಲ. ಆದರೆ ಬಿಳಿ ರಕ್ತಕಣಗಳಲ್ಲಿ ಹೆಚ್ಚಿನ ಪಾಲು ಹುಟ್ಟಿದ್ದು ಎರಡೇ ಎರಡು ಸ್ಟೆಮ್ ಸೆಲ್‌ಗಳಿಂದ, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ತಾಯಿಕೋಶಗಳಿಂದ. ವಯಸ್ಕರ ಮೂಳೆಯೊಳಗಿನ ಮಜ್ಜೆಯಲ್ಲಿ ಸಾವಿರಾರು ಸ್ಟೆಮ್ ಸೆಲ್‌ಗಳು ಹಂಚಿಕೊಂಡು ಮಾಡುವ ಕೆಲಸ ಅದು. ಇನ್ನೊಂದು ವಿಷಯ: ಆ ಬಿಳಿ ಕಣಗಳ ಟೆಲೋಮಿಯರ್, ಅವರದೇ ಮೆದುಳಿನ ಕೋಶಗಳದ್ದಕ್ಕಿಂತ 17 ಪಟ್ಟು ಗಿಡ್ಡ.

[ತೆರೆಯ ಮೇಲೆ: ಸೀರೆ ಸೆರಗಿನ ಕುಚ್ಚು]

ಏನಿದು ಟೆಲೋಮಿಯರ್? ಸೆರಗಿಗೆ ಕುಚ್ಚು ಯಾಕೆ ಕಟ್ಟಿಸುತ್ತೇವೆ? ಚೆಂದಕ್ಕೆ ಸರಿ, ಜೊತೆಗೆ ಎಳೆ ಬಿಚ್ಚಿಕೊಳ್ಳಬಾರದು ಅಂತಲೂ ಹೌದು. ಕೋಶದೊಳಗೆ ಡಿಎನ್‌ಎ ಸುತ್ತಿಟ್ಟಿರುವ ಕ್ರೋಮೋಸೋಮಿನ ತುದಿಯಲ್ಲೂ ಹಾಗೇ ಒಂದು ಕುಚ್ಚಿದೆ, ಅದೇ ಟೆಲೋಮಿಯರ್: ಡಿಎನ್‌ಎಯ ಟಿಟಿಎಜಿಜಿಜಿ ಅನ್ನುವ ಆರಕ್ಷರ ಸಾವಿರಾರು ಸಲ ಸಾಲಾಗಿ ನಿಂತಿರುತ್ತದೆ. ಕೋಶ ಒಡೆದು ಎರಡಾದಾಗಲೆಲ್ಲ ಇದು ಚೂರು ಸವೆಯುತ್ತದೆ. ತೀರಾ ಗಿಡ್ಡವಾದರೆ ಕೋಶ ಒಡೆಯುವುದನ್ನೇ ನಿಲ್ಲಿಸುತ್ತದೆ. ಸವೆದಿದ್ದನ್ನು ಮತ್ತೆ ನೇಯುವ ಟೆಲೋಮರೇಸ್ ಅನ್ನುವ ಕಿಣ್ವವೂ ಇದೆ, ಸ್ಟೆಮ್ ಸೆಲ್‌ಗಳಲ್ಲಿ ಅದು ಸ್ವಲ್ಪ ಇರುತ್ತದೆ, ಸಾಕಾಗುವಷ್ಟಲ್ಲ. ಇದನ್ನೆಲ್ಲ ಬಿಡಿಸಿ ತೋರಿಸಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರೊಲ್ ಗ್ರೈಡರ್, ಜ್ಯಾಕ್ ಶೋಸ್ಟಾಕ್ ಮೂವರಿಗೂ 2009ರ ನೊಬೆಲ್ ಬಂತು.

ಮೆದುಳಿನ ನರಕೋಶ ಹೆಚ್ಚುಕಮ್ಮಿ ಒಡೆಯುವುದೇ ಇಲ್ಲ, ಹಾಗಾಗಿ ಕುಚ್ಚು ಹಾಗೇ ಇರುತ್ತದೆ. ಮಜ್ಜೆಗೆ ಆ ಪುಣ್ಯವಿಲ್ಲ. ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಪ್ಲೇಟ್‌ಲೆಟ್‌ದು ಹತ್ತು ದಿನವೂ ಕಷ್ಟ. ಅಂದರೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ ತಯಾರಾಗುತ್ತಲೇ ಇರಬೇಕು!

ತಮಾಷೆ ಏನು ಗೊತ್ತಾ? ಕೆಂಪು ಕಣದಲ್ಲಿ ಕ್ರೋಮೋಸೋಮೇ ಇಲ್ಲ. ರಕ್ತ ತೆಗೆದು ಟೆಲೋಮಿಯರ್ ಅಳೆದೆವು ಅಂದರೆ ಅಳೆದಿದ್ದು ಬಿಳಿ ಕಣದ್ದು. ಎರಡೂ ಒಂದೇ ಮಜ್ಜೆಯ ಮಕ್ಕಳಾದ್ದರಿಂದ ಅಣ್ಣನನ್ನು ನೋಡಿ ತಮ್ಮನ ಬಗ್ಗೆ ಊಹೆ ಮಾಡುತ್ತೇವೆ, ಅಷ್ಟೇ.

ಹಾಗಾದರೆ ಕುಚ್ಚು ಗಿಡ್ಡವಾದರೆ ರಕ್ತ ಕಮ್ಮಿಯಾಗುತ್ತದಾ? ಹುಟ್ಟಿನಿಂದಲೇ ಟೆಲೋಮರೇಸ್ ಜೀನ್ ಕೆಟ್ಟಿರುವ ಅಪರೂಪದ ಮನೆತನಗಳಲ್ಲಿ ಹೌದು, ಮಜ್ಜೆಯೇ ಬರಿದಾಗಿ ಬಿಳಿ, ಕೆಂಪು, ಪ್ಲೇಟ್‌ಲೆಟ್ ಮೂರೂ ಕುಸಿಯಬಹುದು, ಕೆಲವರಿಗೆ ಚಿಕ್ಕ ವಯಸ್ಸಿಗೇ ಕೂದಲೂ ನೆರೆಯುತ್ತದೆ. ಆದರೆ ಸಾಮಾನ್ಯ ಹಿರಿಯರಲ್ಲಿ? ನೆದರ್‌ಲ್ಯಾಂಡ್ಸಿನ ಲೈಡನ್ ಮತ್ತು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 85 ದಾಟಿದವರನ್ನು ನೋಡಿದಾಗ, ರಕ್ತಹೀನತೆ ಇದ್ದವರ ಟೆಲೋಮಿಯರಿಗೂ ಇಲ್ಲದವರದ್ದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಅಮೆರಿಕದ ಡಲ್ಲಾಸ್ ಅಧ್ಯಯನದಲ್ಲಿ ಮಾತ್ರ ಒಂದು ಸಣ್ಣ ಸುಳಿವು: ಟೆಲೋಮಿಯರ್ ಗಿಡ್ಡ ಇದ್ದವರ ಕೆಂಪು ಕಣ ಸ್ವಲ್ಪ ದಪ್ಪ. ನಿಮ್ಮ ಸಿಬಿಸಿ, ಅಂದರೆ ರಕ್ತಕಣಗಳ ಲೆಕ್ಕ ಹಾಕುವ ಪರೀಕ್ಷೆಯ ರಿಪೋರ್ಟಿನಲ್ಲಿ ಎಂಸಿವಿ ಅಂತ ಇರುತ್ತಲ್ವಾ, ಅದೇ ಈ ಅಳತೆ.

ಮಜ್ಜೆಯ ತಾಕತ್ತೇ ಅಂಥದ್ದು. 2022ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು 75 ದಾಟಿದವರಲ್ಲಿ ನೋಡಿದ್ದೂ ಇದೇ. ರಕ್ತ ಉತ್ಪಾದನೆಯ 30ರಿಂದ 60 ಶೇಕಡಾ ಬರೀ ಹತ್ತಿಪ್ಪತ್ತು ಸ್ಟೆಮ್ ಸೆಲ್ ಕುಟುಂಬಗಳ ಕೈಯಲ್ಲಿತ್ತು. ಮನೆಯಲ್ಲಿ ದುಡಿಯುವವರು ಕಮ್ಮಿಯಾದರೂ ಒಲೆ ಉರಿಯುತ್ತಲೇ ಇರುತ್ತದೆ.

[ತೆರೆಯ ಮೇಲೆ: ಸಿಬಿಸಿ ರಿಪೋರ್ಟ್]

ಅದಕ್ಕೇ ನನಗೆ ಸಿಟ್ಟು ಬರುವುದು "ವಯಸ್ಸಾಯ್ತಲ್ಲ, ರಕ್ತ ಕಮ್ಮಿ ಇರುತ್ತೆ ಬಿಡಿ" ಅನ್ನುವ ಮಾತಿಗೆ. ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ, ವಯಸ್ಸು ಎಂಬತ್ತೇ ಇರಲಿ, ಕಾರಣ ಹುಡುಕಿಸಿ. ಅಮೆರಿಕದ ಹಿರಿಯರ ದೊಡ್ಡ ಸಮೀಕ್ಷೆಯೊಂದರಲ್ಲಿ ರಕ್ತಹೀನತೆ ಇದ್ದ ಮೂವರಲ್ಲಿ ಒಬ್ಬರಿಗೆ ಕಬ್ಬಿಣ, ಬಿ12, ಫೋಲೇಟ್ ಇಂಥದ್ದರ ಕೊರತೆ, ಇನ್ನೊಬ್ಬರಿಗೆ ಕಿಡ್ನಿ ತೊಂದರೆ ಅಥವಾ ಹಳೆಯ ಕಾಯಿಲೆ, ಮೂರನೆಯವರದ್ದು ಗೊತ್ತಾಗಲಿಲ್ಲ. ಎಂಸಿವಿ ಜಾಸ್ತಿ ಬಂದರೆ ಮೊದಲು ಟೆಲೋಮಿಯರ್ ನೆನಪಾಗುವುದು ಬೇಡ, ಬಿ12 ನೋಡಿಸಿ. ಸಸ್ಯಾಹಾರಿ ಮನೆಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇದು ಮಾಮೂಲಿ. ಕಬ್ಬಿಣ ಕಮ್ಮಿಯಿದ್ದರೆ ಸುಮ್ನೆ ಟಾನಿಕ್ ಕುಡಿಸಬೇಡಿ, ಹೊಟ್ಟೆ ಕರುಳಿನಲ್ಲಿ ಎಲ್ಲೋ ರಕ್ತ ಸೋರುತ್ತಿರಬಹುದು, ಡಾಕ್ಟರ್ ಹತ್ತಿರ ಹೋಗಿ.

ಸಾವಿರಾರು ರೂಪಾಯಿ ಕೊಟ್ಟು "ನಿಮ್ಮ ನಿಜವಾದ ವಯಸ್ಸು" ತಿಳಿಯುವ ಟೆಲೋಮಿಯರ್ ಟೆಸ್ಟ್? ಆರೋಗ್ಯವಾಗಿರುವ ಹಿರಿಯರಿಗೆ ನನ್ನ ಲೆಕ್ಕದಲ್ಲಿ ದಂಡ. ಬಿಳಿ ಕಣಗಳಲ್ಲೇ ಯಾವ ಜಾತಿಯವು ಎಷ್ಟಿವೆ ಅನ್ನುವುದರ ಮೇಲೂ ಆ ನಂಬರ್ ಏರುಪೇರಾಗುತ್ತದೆ.

ಅಂದ ಹಾಗೆ, ಇಷ್ಟು ವರ್ಷ ಬದುಕಿದ ಗುಟ್ಟೇನು ಅಂತ ಕೇಳಿದವರಿಗೆ ಆ ಅಜ್ಜಿ ಹೇಳುತ್ತಿದ್ದುದು ದಿನಕ್ಕೊಂದು ಹೆರಿಂಗ್ ಮೀನು, ಜೊತೆಗೆ ಕಿತ್ತಳೆ ಹಣ್ಣಿನ ರಸ. ಕರಾವಳಿಯವರು ಬಂಗುಡೆ ತಿಂದು ಖುಷಿಪಡಿ, ನನ್ನ ಅಡ್ಡಿಯಿಲ್ಲ. ಆದರೆ ಆ ಎರಡು ಸ್ಟೆಮ್ ಸೆಲ್‌ಗೂ ಮೀನಿಗೂ ನಂಟಿದೆ ಅಂತ ಆ ಅಧ್ಯಯನವೇನೂ ಹೇಳಿಲ್ಲ.