ಲೆಫ್ಟಿನೆಂಟ್ ಆಂಟಿ

ನಮಸ್ಕಾರ. ಇವತ್ತು ನಮ್ಮ ಕೊಡಗಿನವರ ಮೇಲೇ ನನಗೆ ಸ್ವಲ್ಪ ಮುನಿಸಿದೆ, ನನ್ನನ್ನೂ ಸೇರಿಸಿಕೊಂಡೇ ಹೇಳುತ್ತೇನೆ, ಕೇಳಿಸಿಕೊಳ್ಳಿ.

ನಮ್ಮಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು ತೀರಿಕೊಂಡರೂ ಪೇಪರಿನಲ್ಲಿ, ಫ್ಲೆಕ್ಸಿನಲ್ಲಿ ಹೆಸರಿಗಿಂತ ಮೊದಲು ರ‍್ಯಾಂಕ್ ಬರುತ್ತದೆ. ಬರಲೇಬೇಕು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡಲ್ವಾ ಇದು? ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿಸೈಡ್’ 2021ರಲ್ಲಿ ಮ್ಯೂಸಿಯಂ ಕೂಡ ಆಯಿತು. ಆದರೆ ಕಳೆದ ತಿಂಗಳು ವಿರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ತೀರಿಕೊಂಡಾಗ ಬೋರ್ಡಿನಲ್ಲಿ ಬರೆದದ್ದು ಬರೀ ‘ಶ್ರೀಮತಿ’. ಆಂಟಿ ಸೇನೆಯಲ್ಲಿ ನರ್ಸ್, ಲೆಫ್ಟಿನೆಂಟ್ ಆಗಿದ್ದವರು!

ಅಂತ್ಯಕ್ರಿಯೆಯಲ್ಲಿ ಮಾತಾಡಿದವರೆಲ್ಲ ಎರಡೇ ವಿಷಯ ಹೇಳಿದರು. ದೈವಭಕ್ತೆ, ಒಳ್ಳೆಯ ತಾಯಿ. ಎರಡೂ ಸುಳ್ಳಲ್ಲ. ಸಂತ ಅನ್ನಮ್ಮ ಚರ್ಚ್ ಗೊತ್ತಲ್ಲ, 1792ರಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ, ಟಿಪ್ಪುವಿನಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಜಾಗ ಕೊಟ್ಟು ಶುರುವಾದದ್ದು, ಅಲ್ಲಿನ ಬೆಳಗಿನ ಪೂಜೆಗೆ ಆಂಟಿ ಜುಲೈ ಮಳೆಯಲ್ಲೂ ಕೊಡೆ ಹಿಡಿದು ನಡೆದೇ ಹೋಗುತ್ತಿದ್ದರು. ಮೂರು ಮಕ್ಕಳನ್ನು ಓದಿಸಿದರು. ಸರಿ, ಆದರೆ ಅಷ್ಟೇನಾ?

ಮಿಲಿಟರಿ ನರ್ಸ್ ಅಂದರೆ ನಮಗೆ ಬ್ಯಾಂಡೇಜ್ ಕಟ್ಟುವವರು ಅಂತ ಒಂದು ಅಸಡ್ಡೆ ಇದೆ. ಸ್ವಾಮಿ, 1943ರ ಸುಗ್ರೀವಾಜ್ಞೆಯಿಂದಲೇ ಅವರು ಕಮಿಷನ್ಡ್ ಅಧಿಕಾರಿಗಳು, ಅಂದರೆ ಸೇನೆಯ ಅಧಿಕಾರಿ ದರ್ಜೆಯವರು. ನಮ್ಮ ದೇಶದಲ್ಲಿ ಮೇಜರ್ ಜನರಲ್ ಆದ ಮೊದಲ ಹೆಂಗಸು ಜಿ. ಅಲಿ ರಾಮ್, 1976ರಲ್ಲಿ, ಅವರು ಬಂದದ್ದು ಇದೇ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಿಂದ. ಮೀಸೆ ತಿರುವುವ ಸುಬೇದಾರರಿಗಿಂತ ಆಂಟಿಯ ರ‍್ಯಾಂಕ್ ದೊಡ್ಡದು, ಸುಮ್ನೆ ಅಲ್ಲ.

1987ರಲ್ಲಿ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತಲ್ಲ, ಆಗ ನೆಲಬಾಂಬಿಗೆ ಕಾಲು ಕಳೆದುಕೊಂಡು ಬಂದ ಇಪ್ಪತ್ತರ ಹುಡುಗರನ್ನು ನೋಡಿಕೊಂಡವರು ಈಕೆ. ಗಾಯ ಒಣಗಿದ ಮೇಲೆ ಅಂಥವರನ್ನು ಕೃತಕ ಕಾಲಿಗೆ ಪುಣೆಗೆ ಕಳಿಸುತ್ತಿದ್ದರಂತೆ, ಆಮೇಲೆ ಅವರು ಏನಾದರು ಅಂತ ನರ್ಸ್‌ಗಳಿಗೆ ಯಾರು ಬಂದು ಹೇಳಬೇಕು? ಅದಕ್ಕೇ ಆಂಟಿ ಕೊನೆಯವರೆಗೂ ರಾತ್ರಿ ಜಪಸರದಲ್ಲಿ ಒಂದು ‘ನಮೋ ಮರಿಯಾ’ ಪ್ರಾರ್ಥನೆ ಜಾಸ್ತಿ ಹೇಳುತ್ತಿದ್ದರು, ‘ಬೆಡ್ ನಂಬರ್ ಹನ್ನೊಂದಕ್ಕೆ’ ಅಂತ. ಅದು ಯಾರೋ ಸಂತರ ಹೆಸರು ಅಂತಲೇ ಮಕ್ಕಳು ಬಹಳ ದಿನ ನಂಬಿದ್ದರು. ಹನ್ನೊಂದರ ಹುಡುಗ ಹಿಂದೂನೋ ಮುಸ್ಲಿಮೋ ಸಿಖ್ಖೋ, ಆಂಟಿ ಯಾವತ್ತೂ ಹೇಳಲಿಲ್ಲ. ಈಗ ಹೇಳಿ, ಇದರಲ್ಲಿ ಭಕ್ತೆ ಎಲ್ಲಿ ಮುಗಿದಳು, ನರ್ಸ್ ಎಲ್ಲಿ ಶುರುವಾದಳು?

ಮತ್ತೆ ಸೇನೆ ಬಿಟ್ಟದ್ದು ಯಾಕೆ ಅಂತ ಕೇಳುತ್ತೀರಿ. ಮದುವೆಯಾದರು, ಅಷ್ಟೇ ತಪ್ಪು. 1977ರಿಂದ ಸೇನೆಯಲ್ಲಿ ಒಂದು ನಿಯಮವಿತ್ತು, ಮಿಲಿಟರಿ ನರ್ಸ್ ಮದುವೆಯಾದರೆ ಕೆಲಸದಿಂದ ತೆಗೆಯಬಹುದು ಅಂತ. ಅದನ್ನು ಹಿಂದಕ್ಕೆ ತೆಗೆದುಕೊಂಡದ್ದು 1995ರಲ್ಲಿ. ಗಂಡಸು ಅಧಿಕಾರಿ ಮದುವೆಯಾದರೆ ಕ್ವಾರ್ಟರ್ಸ್, ಹೆಂಗಸು ಮದುವೆಯಾದರೆ ಮನೆಗೆ. 1988ರಲ್ಲಿ ಇದೇ ಕಾರಣಕ್ಕೆ ಕೆಲಸ ಕಳೆದುಕೊಂಡ ಲೆಫ್ಟಿನೆಂಟ್ ಸೆಲಿನಾ ಜಾನ್ ಕೋರ್ಟಿಗೆ ಹೋಗಿ ಹೋರಾಡಿದರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದು ಹೆಣ್ಣಿಗೆ ಮಾಡಿದ ತಾರತಮ್ಯ ಅಂತ ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಮ್ಮ ಆಂಟಿ ಕೋರ್ಟಿಗೆ ಹೋಗಲಿಲ್ಲ. ಆ ಸುದ್ದಿಯನ್ನು ಕತ್ತರಿಸಿ ಬೈಬಲ್ ಒಳಗೆ ಇಟ್ಟುಕೊಂಡಿದ್ದರು ಅಂತ ಮಗಳು ಮೊನ್ನೆ ಹೇಳಿದಳು.

ನನಗೆ ಉರಿಯುವುದು ಇಲ್ಲಿ. ಅಂದು ಸೇನೆ ಕೇಳಿತು, ಅಧಿಕಾರಿಯಾಗಿರುತ್ತೀಯೋ, ಗಂಡ ಮಕ್ಕಳೋ, ಒಂದು ಆರಿಸಿಕೋ ಅಂತ. ಇಂದು ನಾವು ಶ್ರದ್ಧಾಂಜಲಿಯ ಹೆಸರಿನಲ್ಲಿ ಮಾಡಿದ್ದೂ ಅದನ್ನೇ. ತಾಯಿಯನ್ನು ಇಟ್ಟುಕೊಂಡು ಅಧಿಕಾರಿಯನ್ನು ಬಿಟ್ಟೆವು.

2018ರ ಆಗಸ್ಟ್ ನೆನಪಿದೆಯಾ, ಗುಡ್ಡಗಳೇ ಜರಿದು ಬಂದವಲ್ಲ. ಮಡಿಕೇರಿ ಕಡೆಯ ಒಂದು ನಿರಾಶ್ರಿತರ ಶಿಬಿರಕ್ಕೆ ನಾವು ಅಕ್ಕಿ, ಕಂಬಳಿ ಹಿಡಿದು ಹೋಗಿದ್ದೆವು, ಜೊತೆಗೆ ಆಂಟಿ. ಅಲ್ಲಿ ಒಂದೇ ಗದ್ದಲ. ಅರ್ಧ ಗಂಟೆಯೊಳಗೆ ಗಾಯದವರು ಒಂದು ಸಾಲು, ಜ್ವರದ ಮಕ್ಕಳು ಒಂದು ಸಾಲು, ಬಿಪಿ ಮಾತ್ರೆ ಮಣ್ಣಿನಡಿ ಹೋದ ಮುದುಕರು ಇನ್ನೊಂದು ಸಾಲು. ದನಿ ಏರಿಸಲೂ ಇಲ್ಲ ಪುಣ್ಯಾತ್ಗಿತ್ತಿ. ಆ ದಿನ ನಾನು ನೋಡಿದ್ದು ಪಕ್ಕದ ಮನೆಯ ಆಂಟಿಯನ್ನಲ್ಲ.

ಅವರೇ ಹೇಳಿಕೊಳ್ಳುತ್ತಿರಲಿಲ್ಲವಲ್ಲ ಅಂತ ಕೆಲವರ ವಾದ. ಅಲ್ಲಪ್ಪಾ, ನಮ್ಮ ಮಾಜಿ ಸೈನಿಕರಿಗೆ ಹೇಳಿಕೊಳ್ಳುವ ಕಷ್ಟವೇ ಇಲ್ಲ, ಮದುವೆ ಮನೆಯಲ್ಲಿ ಎರಡು ಪೆಗ್ ಆಗುವಷ್ಟರಲ್ಲಿ ನಾವೇ ಸುತ್ತ ಕೂತು ಕೇಳುತ್ತೇವೆ. ಆಂಟಿಯನ್ನು ಯಾರು ಕೂರಿಸಿ ಕೇಳಿದರು?

ನವೆಂಬರ್ 2, ಸತ್ತವರ ದಿನಕ್ಕೆ ಮುಂಚೆ ಸಮಾಧಿಗೆ ಕಲ್ಲು ಹಾಕಿಸುತ್ತಾರೆ. ರ‍್ಯಾಂಕ್ ಬೇಡ, ಅಮ್ಮನಿಗೆ ಹಿಡಿಸುತ್ತಿರಲಿಲ್ಲ ಅಂತ ದೊಡ್ಡ ಮಗ. ಬೇಕು ಅಂತ ಮಗಳು. ಕಲ್ಲು ಕೆತ್ತುವವನು ಅಕ್ಷರದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾನಂತೆ. ‘ಲೆಫ್ಟಿನೆಂಟ್’ಗೆ ಎಷ್ಟಾಗುತ್ತದೋ ನಾನು ಕೊಡುತ್ತೇನೆ ಅಂತ ಹೇಳಿ ಬಂದಿದ್ದೇನೆ.