ಆರಿದ್ರಾ ಮಳೆಯಲ್ಲಿ ಆರದ ಬಟ್ಟೆ

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಒಂದು ಸಣ್ಣ ಕೆಲಸ. ಒಂದೇ ಅಳತೆಯ ಎರಡು ಟವೆಲ್ ತಂದಿದ್ದೇನೆ. ಎರಡನ್ನೂ ನೆನೆಸಿ, ಹಿಂಡಿ, ಅಡುಗೆಮನೆಯ ತಕ್ಕಡಿಯಲ್ಲಿ ನಿಮ್ಮೆದುರೇ ತೂಗಿದ್ದಾಯಿತು. ಎರಡೂ 600 ಗ್ರಾಂ. ಒಂದನ್ನು ನಾಲ್ಕು ಮಡಿಕೆ ಮಾಡಿ ಆ ಮೂಲೆಯ ಕುರ್ಚಿಯ ಬೆನ್ನಿಗೆ ಹಾಕಿದ್ದೇನೆ. ಇನ್ನೊಂದನ್ನು ಪೂರ್ತಿ ಬಿಡಿಸಿ ಫ್ಯಾನಿನ ಕೆಳಗೆ ಹಗ್ಗಕ್ಕೆ ಹಾಕಿದ್ದೇನೆ. ಮಾತು ಮುಗಿದ ಮೇಲೆ ಮತ್ತೆ ತೂಗೋಣ. ಪಿಯು ಕಾಲೇಜಿನಲ್ಲಿ 31 ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು ನಾನು. ಕೈಗೆ ಸಿಗುವಂಥದ್ದನ್ನು ತೋರಿಸದೆ ಮಾತಾಡಿ ಅಭ್ಯಾಸವಿಲ್ಲ.

ಮನೆಗೊಂದು ಡ್ರೈಯರ್ ಬೇಕೇ? ಈ ಪ್ರಶ್ನೆಯನ್ನು ಬೇಸಿಗೆಯ ಕಲಬುರಗಿಯಲ್ಲಿ ಕೇಳುವುದು ಬೇರೆ, ಆಷಾಢದ ತೀರ್ಥಹಳ್ಳಿಯಲ್ಲಿ ಕೇಳುವುದು ಬೇರೆ. ಆಗುಂಬೆ ನಮ್ಮ ತಾಲ್ಲೂಕಿನದೇ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಊರು ಅದು. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸಾವಿರದ ಆಸುಪಾಸು. ಆದ್ದರಿಂದ ಬೇಕು, ಬೇಡ ಎಂದು ಎಲ್ಲರಿಗೂ ಒಂದೇ ಉತ್ತರ ಹೇಳುವವರನ್ನು ನಾನು ನಂಬುವುದಿಲ್ಲ.

ಮೊದಲು ಒಂದು ಗೊಂದಲ ತಿಳಿಯಾಗಲಿ. ಸೆಮಿ ಆಟೋಮ್ಯಾಟಿಕ್ ಮೆಷಿನ್ನಿನ ಎರಡನೇ ತೊಟ್ಟಿಯನ್ನು ನಾವೆಲ್ಲ ಡ್ರೈಯರ್ ಅನ್ನುತ್ತೇವೆ. ಅದು ಒಣಗಿಸುವುದಿಲ್ಲ, ಹಿಂಡುತ್ತದೆ. ಜೋರಾಗಿ ತಿರುಗಿಸಿ ನೀರನ್ನು ಹೊರಗೆ ಎಸೆಯುತ್ತದೆ, ಅಷ್ಟೇ. ನಾನು ಹೇಳುತ್ತಿರುವುದು ಬಿಸಿಗಾಳಿಯಲ್ಲಿ ಬಟ್ಟೆಯನ್ನು ಉರುಳಿಸುತ್ತಾ ಪೂರ್ತಿ ಒಣಗಿಸುವ ಯಂತ್ರದ ವಿಚಾರ. ಅಮೆರಿಕದ ನಾರ್ತ್ ಡಕೋಟಾದ ರಾಸ್ ಮೂರ್ ಎಂಬಾತ, ಹಿಮ ಬೀಳುವ ಚಳಿಯಲ್ಲಿ ಹೊರಗೆ ಬಟ್ಟೆ ಒಣಹಾಕುವ ಕಷ್ಟ ನೋಡಲಾರದೆ ಇಂಥ ಯಂತ್ರದ ಹಿಂದೆ ಬಿದ್ದ. 1938ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಅದಕ್ಕಿಟ್ಟ ಹೆಸರು ‘ಜೂನ್ ಡೇ’. ಆ ಸೀಮೆಯಲ್ಲಿ ಜೂನ್ ಎಂದರೆ ಒಳ್ಳೆಯ ಬಿಸಿಲು. ನಮಗೆ ಜೂನ್ ಎಂದರೆ ಮೃಗಶಿರಾ, ಆರಿದ್ರಾ. ಬಿಸಿಲು ಕಾಣೆಯಾಗುವ ತಿಂಗಳು. ಅವರ ಕಷ್ಟ ಚಳಿಯದು, ನಮ್ಮದು ತೇವದ್ದು. ಈ ವ್ಯತ್ಯಾಸವನ್ನು ಮರೆಯಬಾರದು.

ತೇವ ಎಂದರೆ ಏನೆಂದು ಲೆಕ್ಕ ಹಾಕಿ ನೋಡೋಣ. 25 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಇಲ್ಲಿನ ಗಾಳಿ ನೂರಕ್ಕೆ ತೊಂಬತ್ತು ಪಾಲು ತುಂಬಿಕೊಂಡೇ ಇರುತ್ತದೆ. ಅಂದರೆ ಉಳಿದ ಜಾಗ ಸುಮಾರು 2 ಗ್ರಾಂ ಚಿಲ್ಲರೆ. ಹನ್ನೆರಡು ಅಡಿಗೆ ಹತ್ತಡಿಯ ಒಂದು ಕೋಣೆಯಲ್ಲಿ ಸುಮಾರು 35 ಘನ ಮೀಟರ್ ಗಾಳಿ ಇರುತ್ತದೆ ಅನ್ನಿ. ಕಿಟಕಿ, ಬಾಗಿಲು ಮುಚ್ಚಿದರೆ ಆ ಇಡೀ ಕೋಣೆ ಕುಡಿಯಬಲ್ಲ ನೀರು 80 ಗ್ರಾಂ, ಅರ್ಧ ಲೋಟದಷ್ಟೂ ಇಲ್ಲ. ಮೆಷಿನ್ನಿನಿಂದ ಹಿಂಡಿ ತೆಗೆದ ಐದು ಕಿಲೋ ಬಟ್ಟೆಯಲ್ಲಿ ಉಳಿದಿರುವ ನೀರು ಮೂರು ಲೀಟರಿನಷ್ಟು. ಕೋಣೆಯ ಗಾಳಿ ನಲವತ್ತು ಸಲದ ಹತ್ತಿರ ಬದಲಾಗದೆ ಆ ಬಟ್ಟೆ ಆರುವಂತಿಲ್ಲ. ‘ಒಳಗೇ ಹಾಕಿದ್ದೆ, ಮಳೆ ತಾಗಿಲ್ಲ, ಆದರೂ ಮೂರು ದಿನ ಒಣಗಲಿಲ್ಲ’ ಅನ್ನುತ್ತೀರಲ್ಲ, ಕಾರಣ ಇದು. ಆ ಮೂರು ಲೀಟರ್ ಎಲ್ಲಿಗೂ ಹೋಗದೆ ನಿಮ್ಮ ಗೋಡೆಗೆ, ಹಾಸಿಗೆಗೆ, ಬೀರುವಿನೊಳಗಿನ ರೇಷ್ಮೆ ಸೀರೆಗೆ ಹೋಗಿ ಸೇರುತ್ತದೆ. ಬೂಷ್ಟು ಬರುವುದು ಹೀಗೆ.

ಈಗ ಅದೇ ಗಾಳಿಯನ್ನು ಹತ್ತು ಡಿಗ್ರಿ ಬಿಸಿ ಮಾಡಿ. 35 ಡಿಗ್ರಿಯಲ್ಲಿ ಅದು ಹಿಡಿಯಬಲ್ಲದ್ದು ಸುಮಾರು 40 ಗ್ರಾಂ. ಇದ್ದ ನೀರು ಅಷ್ಟೇ ಇದೆ, ಆದರೆ ಖಾಲಿ ಜಾಗ ಎಂಟು ಪಟ್ಟಾಯಿತು. ನಮ್ಮ ಅಜ್ಜಿಯಂದಿರಿಗೆ ಈ ಅಂಕಿ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಬಚ್ಚಲ ಒಲೆಯ ಮೇಲೆ ಅಡ್ಡಕ್ಕೆ ಗಳ ಕಟ್ಟಿ ಬಟ್ಟೆ ಹರವುತ್ತಿದ್ದರು. ಹಂಡೆಗೆ ಹೇಗೂ ಬೆಂಕಿ ಬೇಕು. ಆ ಕಾವು ಮೇಲೇರಿ ಬಟ್ಟೆಯನ್ನು ಹಾಯ್ದು, ಹಂಚಿನ ಸಂದಿಯಿಂದ ತೇವವನ್ನು ಹೊತ್ತು ಹೊರಗೆ ಹೋಗುತ್ತಿತ್ತು. ಕೂಸಿನ ಬಟ್ಟೆಯಾದರೆ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹೊದಿಸುತ್ತಿದ್ದರು. ಬಿಸಿ ಮಾಡು, ಗಾಳಿ ಆಡಿಸು, ತೇವವನ್ನು ಹೊರಗೆ ಕಳಿಸು: ಡ್ರೈಯರ್ ಮಾಡುವುದೂ ಈ ಮೂರನ್ನೇ.

ನನ್ನ ಮಾತಿನ ತಿರುಳು ಇಲ್ಲಿದೆ. ನಾವು ಆರ್‌ಸಿಸಿ ಮನೆ ಕಟ್ಟಿದೆವು, ಒಲೆ ತೆಗೆದೆವು, ಸೋಲಾರ್ ಹಾಕಿಸಿದೆವು. ಹೊಗೆ ಹೋಯಿತು, ಹೆಂಗಸರ ಕಣ್ಣು, ಎದೆ ಉಳಿಯಿತು. ಅದು ವಾಪಸ್ ಬರಲಿ ಎಂದು ನಾನು ಖಂಡಿತ ಹೇಳುವುದಿಲ್ಲ. ಆದರೆ ಆ ಒಲೆ ನೀರು ಕಾಯಿಸುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು ಎಂಬುದನ್ನು ಯಾವ ಇಂಜಿನಿಯರೂ ನೆನಪಿಟ್ಟುಕೊಳ್ಳಲಿಲ್ಲ. ಹೊಸ ಮನೆಯ ನಕ್ಷೆಯಲ್ಲಿ ಪೂಜಾಕೋಣೆ ಇದೆ, ಟಿವಿಗೆ ಗೋಡೆ ಇದೆ, ಬಟ್ಟೆ ಆರುವ ಜಾಗ ಇಲ್ಲ. ಮಡಿಬಟ್ಟೆಗೆಂದೇ ಎತ್ತರದ ಗಳ, ಎತ್ತಿ ಹಾಕಲು ಕೋಲು ಇಟ್ಟುಕೊಂಡಿದ್ದ ಮನೆಗಳಲ್ಲೂ ಇಲ್ಲ.

ಹಾಗಾದರೆ ಯಂತ್ರ ತಂದುಬಿಡೋಣವೇ? ಒಂದು ಲೀಟರ್ ನೀರು ಆವಿಯಾಗಲು ಯೂನಿಟ್ಟಿನ ಮೂರನೇ ಎರಡು ಪಾಲು ಶಕ್ತಿ ಬೇಕೇ ಬೇಕು, ಅದು ಪ್ರಕೃತಿಯ ಲೆಕ್ಕ. ಬಿಸಿಲಿದ್ದಾಗ ಈ ಬಿಲ್ಲನ್ನು ಸೂರ್ಯ ಕಟ್ಟುತ್ತಾನೆ. ಕಾಯಿಲ್ ಬಿಸಿ ಮಾಡುವ ಹಳೇ ಬಗೆಯ ಡ್ರೈಯರ್ ಒಂದು ದೊಡ್ಡ ಸರತಿಗೆ 4 ಯೂನಿಟ್ ಆಸುಪಾಸು ತೆಗೆದುಕೊಳ್ಳುತ್ತದೆ. ಹೀಟ್ ಪಂಪ್ ಇರುವ ಹೊಸದು, ಆವಿ ಮತ್ತೆ ನೀರಾಗುವಾಗ ಬಿಡುವ ಶಾಖವನ್ನೇ ಹಿಡಿದು ಪುನಃ ಬಳಸುತ್ತದೆ. ಅದಕ್ಕೆ ಅರ್ಧದಷ್ಟು ಅಥವಾ ಇನ್ನೂ ಕಡಿಮೆ ಸಾಕು. ಬೆಲೆ ಮಾತ್ರ ಹೆಚ್ಚು.

ತಿಂಗಳಿಗೆ ಇಪ್ಪತ್ತು ಸಲ ಹಳೇ ಬಗೆಯದನ್ನು ಓಡಿಸಿದರೆ 80 ಯೂನಿಟ್. ನಮ್ಮಲ್ಲಿ ಬಹಳ ಮನೆಗಳು ಗೃಹಜ್ಯೋತಿಯಲ್ಲಿವೆ. ಬಳಕೆ 200 ಯೂನಿಟ್ ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. 130 ಯೂನಿಟ್ ಬಳಸುವ ಮನೆ ಈ ಒಂದು ಯಂತ್ರದಿಂದ ಗೆರೆ ದಾಟಿಬಿಡುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಇನ್ನೂ ಒಂದಿದೆ. ಮರ ಬಿದ್ದು ಲೈನ್ ಹರಿದು ಎರಡು ದಿನ ಕರೆಂಟಿಲ್ಲದಿರುವುದು ಯಾವಾಗ? ಗಾಳಿಮಳೆ ಜೋರಾಗಿದ್ದಾಗ. ನಿಮ್ಮ ಇನ್‌ವರ್ಟರ್ ಫ್ಯಾನು, ಲೈಟು ಎಳೆದೀತು. ಎರಡು ಸಾವಿರ ವ್ಯಾಟ್ ಎಳೆಯದು. ಯಂತ್ರ ಅತ್ಯಂತ ಬೇಕಾದ ದಿನವೇ ಅದು ಸುಮ್ಮನಿರುತ್ತದೆ.

ಒಂದರಲ್ಲೇ ಒಗೆದು ಒಣಗಿಸುವ ಮೆಷಿನ್ನುಗಳ ಬಗ್ಗೆ ಎಚ್ಚರಿಕೆ. ಎಂಟು ಕಿಲೋ ಒಗೆದರೂ ಒಣಗಿಸುವುದು ಐದರ ಹತ್ತಿರ, ಉಳಿದ ಬಟ್ಟೆ ಹೊರತೆಗೆಯಲೇಬೇಕು. ಆವಿಯನ್ನು ತಂಪು ಮಾಡಲು ನಲ್ಲಿ ನೀರನ್ನೇ ಸುರಿಯುವ ಮಾದರಿಗಳೂ ಇವೆ, ಕೇಳಿ ತೆಗೆದುಕೊಳ್ಳಿ. ಯಾವ ಡ್ರೈಯರ್ ಆದರೂ ಜಾಲರಿಯಲ್ಲಿ ಕೂರುವ ನೂಲಿನ ಧೂಳನ್ನು ಪ್ರತಿ ಸಲವೂ ತೆಗೆಯಬೇಕು, ಅದು ಬೇಗ ಹೊತ್ತಿಕೊಳ್ಳುವ ವಸ್ತು. ಆ ಧೂಳು ನಿಮ್ಮ ಬಟ್ಟೆಯೇ, ಸವೆದು ಬಂದದ್ದು.

ಇಷ್ಟೆಲ್ಲ ಹೇಳಿದ ಮೇಲೂ, ‘ಡ್ರೈಯರ್ ಶೋಕಿ’ ಎಂದು ನಾನು ಹೇಳಲಾರೆ. ನಮ್ಮ ಅತ್ತೆ ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ಅದರಲ್ಲಿ ಒಂದು ಪೂರ್ತಿ ಮಳೆಗಾಲ. ದಿನಕ್ಕೆ ನಾಲ್ಕು ಹಾಸು, ಕೆಲವು ದಿನ ಆರು. ಒಗೆಯುವುದು ಕಷ್ಟವಾಗಲಿಲ್ಲ, ಮೆಷಿನ್ ಇತ್ತು. ಒಣಗಿಸಲಾರದೆ ಸೋತೆ. ರಾತ್ರಿ ಎರಡು ಗಂಟೆಗೆ ಎದ್ದು ಇಸ್ತ್ರಿಪೆಟ್ಟಿಗೆಯಲ್ಲಿ ತೇವದ ಹಾಸನ್ನು ಉಜ್ಜಿ ಉಜ್ಜಿ ಆರಿಸಿದ್ದೇನೆ. ಬೆನ್ನಿನ ಚರ್ಮ ಮೆತ್ತಗಾಗಿ ಹುಣ್ಣಾಗುತ್ತದೆಂದು ಭಯ. ‘ಸಾಕು ಬಿಡೇ, ನಂಗೆ ಚಳಿ ಇಲ್ಲ’ ಅನ್ನುತ್ತಿದ್ದರು ಅತ್ತೆ, ಒದ್ದೆಯಲ್ಲೇ ಮಲಗಿಕೊಂಡು. ಡ್ರೈಯರ್ ತರದಿದ್ದದ್ದು ಹಣ ಇಲ್ಲದೆ ಅಲ್ಲ, ಮನೆಯಲ್ಲಿ ಯಾರಿಗೂ ಅದೊಂದು ಅಗತ್ಯ ಅನ್ನಿಸಿರಲಿಲ್ಲ. ಬಾಯಿಬಿಟ್ಟು ಕೇಳಲು ನನಗೂ ಸಂಕೋಚ. ಹಸುಗೂಸು, ಹಾಸಿಗೆ ಹಿಡಿದವರು, ಉಬ್ಬಸ ಇರುವವರು ಇರುವ ಮಲೆನಾಡಿನ, ಕರಾವಳಿಯ ಮನೆಗೆ ಹೀಟ್ ಪಂಪ್ ಡ್ರೈಯರ್ ಬೇಕು ಎಂದರೆ ನಾನು ಎರಡನೇ ಮಾತಾಡುವುದಿಲ್ಲ. ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಬಕೆಟ್ಟು ಹೊರುವವರು, ಪೇಪರ್ ಓದುತ್ತಾ ಕೂತವರಲ್ಲ.

ಉಳಿದ ಮನೆಗಳಿಗೆ? ಮೊದಲು ನೀರನ್ನು ಹಿಂಡಿಯೇ ತೆಗೆಯಿರಿ. ಮೆಷಿನ್ ನಿಮಿಷಕ್ಕೆ 800 ಸುತ್ತು ತಿರುಗಿದಾಗ ಬಟ್ಟೆಯ ತೂಕದ ನೂರಕ್ಕೆ ಎಪ್ಪತ್ತರಷ್ಟು ನೀರು ಉಳಿದರೆ, 1,400 ಸುತ್ತಿನಲ್ಲಿ ಐವತ್ತರ ಹತ್ತಿರಕ್ಕೆ ಇಳಿಯುತ್ತದೆ. ಆವಿ ಮಾಡುವ ಖರ್ಚಿನೆದುರು ತಿರುಗಿಸುವ ಖರ್ಚು ಏನೇನೂ ಅಲ್ಲ. ಆಮೇಲೆ ಒಂದು ಸಣ್ಣ ಕೋಣೆಗೆ ಗಳ, ಫ್ಯಾನು, ಜೊತೆಗೆ ತೇವ ಹೀರುವ ಡಿಹ್ಯುಮಿಡಿಫೈಯರ್. ನಮ್ಮ ಹವೆಯಲ್ಲಿ ಅದು ಒಂದು ಯೂನಿಟ್ಟಿಗೆ ಒಂದೂವರೆ, ಎರಡು ಲೀಟರ್ ನೀರನ್ನು ಗಾಳಿಯಿಂದ ಇಳಿಸುತ್ತದೆ. ಬಟ್ಟೆಯ ಜೊತೆಗೆ ಪುಸ್ತಕ, ಚಪ್ಪಲಿ, ತಂಬೂರಿಯೂ ಉಳಿಯುತ್ತದೆ. ಮಲೆನಾಡಿಗೆ ಡ್ರೈಯರಿಗಿಂತ ಇದೇ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಬೆಂಗಳೂರಿನ ಫ್ಲ್ಯಾಟಿಗೆ ಬಾಲ್ಕನಿಯ ಹಗ್ಗವೇ ಸಾಕು. ಅಂದ ಕೆಡುತ್ತದೆ ಎಂದು ಬಟ್ಟೆ ಹಾಕಲು ಬಿಡದ ಅಪಾರ್ಟ್‌ಮೆಂಟ್ ಸಂಘಗಳ ಮೇಲೆ ನನಗೆ ಸಿಟ್ಟಿದೆ. ಅಮೆರಿಕದಲ್ಲಿ ಇಂಥ ನಿಷೇಧಗಳಿಗೆ ಎದುರಾಗಿ ಫ್ಲಾರಿಡಾ, ವರ್ಮಾಂಟ್ ಮುಂತಾದ ರಾಜ್ಯಗಳು ಬಟ್ಟೆ ಒಣಹಾಕುವ ಹಕ್ಕನ್ನು ಕಾನೂನಿನಲ್ಲೇ ಬರೆದಿವೆ.

ಮುಗ್ಗಲು ವಾಸನೆಯ ಬಗ್ಗೆ ಚೀಟಿ ಬಂದಿದೆ. ಜಪಾನಿನ ಸಂಶೋಧಕರು 2012ರಲ್ಲಿ ಇದಕ್ಕೆ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಒಣಗಿದರೂ ಅದು ಸಾಯುವುದಿಲ್ಲ, ತೇವ ತಾಗಿದೊಡನೆ ವಾಸನೆ ಮರಳುತ್ತದೆ. ಅಂಥ ಹತ್ತಿ ಬಟ್ಟೆಗೆ ಸೆಂಟು ಹಾಕಬೇಡಿ, 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಮಡಿವಾಳರು ಉಬ್ಬೆ ಹಾಕಿ ಬೇಯಿಸುತ್ತಿದ್ದ ಬಟ್ಟೆ ನಾರದೇ ಇದ್ದದ್ದು ಅದಕ್ಕೇ.

ಸರಿ, ಮುಕ್ಕಾಲು ಗಂಟೆಯಾಯಿತು. ಮುಂದಿನ ಸಾಲಿನ ತಾಯಿ, ನೀವೇ ಬನ್ನಿ. ಮೊದಲು ಫ್ಯಾನಿನ ಕೆಳಗಿನದ್ದನ್ನು ತನ್ನಿ, ತಕ್ಕಡಿಗೆ ಹಾಕಿ. ಅಂಕಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದಿ.